ಗಾಡಿಯ ಬಾಲದಲ್ಲಿ ಭಾವ

ಕಣಿವೆಯಲ್ಲಿ ಕೂತು ಗೂಡ್ಸ್ ಗಾಡಿಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ. ಇಂಥ ಹವ್ಯಾಸ ಇಟ್ಟುಕೊಂಡವನಿಗೆ ಏನೂ ಆಗದ ಭಾನುವಾರ ಎಂಬುದಿಲ್ಲ. ಉಳಿದ ದಿನ ಹೈದರಾಬಾದಿನ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಅಲ್ಲಿ ಏನೂ ಆಗುವುದಿಲ್ಲ.

ವಿಕಾರಾಬಾದ್ ದಾಟಿ ಗಡಿಯ ಕಡೆ ಹೋದರೆ ಒಂದು ಸಣ್ಣ ನದಿ ಬಂಡೆ ಕೊರೆದು ಕಣಿವೆ ಮಾಡಿಕೊಂಡಿದೆ. ಮೇಲೆ ಜೋಡಿ ಹಳಿಯ ಸೇತುವೆ. ಕಲ್ಲಿದ್ದಲು, ಸಿಮೆಂಟು ಹೊತ್ತ ಗಾಡಿಗಳು ಅದರ ಮೇಲೆ ಹಾಯುತ್ತವೆ. ನೋಡಲು ಚಂದ. ಇದಕ್ಕಿಂತ ಹೆಚ್ಚು ಹೊಗಳುವುದು ನನ್ನ ಸ್ವಭಾವವಲ್ಲ.

ಅಕ್ಕ ನಡುವೆ ಬರದಿದ್ದರೆ ಹವ್ಯಾಸ ಹವ್ಯಾಸವಾಗಿಯೇ ಉಳಿಯುತ್ತಿತ್ತು. ಅಕ್ಕನ ಗಂಡ, ನಮ್ಮ ಭಾವ, ಗೂಡ್ಸ್ ಗಾಡಿಯ ಗಾರ್ಡ್. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ, ಫ್ಯಾನಿಲ್ಲದೆ, ಒಬ್ಬರೇ ಕೂತು ಸರ್ವಿಸ್ ಕಳೆದವರು. ಈಚೆಗೆ ಆ ಹುದ್ದೆಗೆ 'ಟ್ರೇನ್ ಮ್ಯಾನೇಜರ್' ಎಂದು ಹೆಸರು ಬದಲಿಸಿದರು. ಹೆಸರು ಬಂತು, ಫ್ಯಾನು ಬರಲಿಲ್ಲ. ಅವರ ನಿವೃತ್ತಿ ಹತ್ತಿರ ಬಂದಾಗ ಅಕ್ಕ ಹೈದರಾಬಾದಿನ ಮಿಯಾಪುರದ ತಮ್ಮ ಫ್ಲಾಟಿನ ಹಾಲ್‌ನಲ್ಲಿ, ತೀರಿಹೋದ ಅತ್ತೆ-ಮಾವನ ಫೋಟೋಗಳ ಪಕ್ಕ, ಒಂದು ಮೊಳೆ ಹೊಡೆಸಿ ನನ್ನನ್ನು ಕರೆಸಿದಳು.

"ಕಂಡ ಕಂಡ ಗಾಡೀದೆಲ್ಲ ಫೋಟೋ ತಗೀತಿ. ಇವರು ಡ್ಯೂಟಿ ಮ್ಯಾಗಿದ್ದದ್ದು ಒಂದೂ ಇಲ್ಲ. ನನ್ನ ನೆಗೆಣ್ಣಿ ಮನ್ಯಾಗ ನೋಡು, ಆಕೀ ಗಂಡ ಬ್ಯಾಂಕಿನ ಕುರ್ಚಿ ಮ್ಯಾಗ ಕೂತದ್ದು ಬಾಗಲದಷ್ಟು ದೊಡ್ಡದು ಹಾಕ್ಯಾಳ. ಇವರು ರಿಟೈರ್ ಆಗೋದರಾಗ ಈ ಮೊಳಿಗೆ ಫೋಟೋ ಬರಬೇಕು."

೧. ಸರ್ವೇ ಸಾಹೇಬ

ಮೊದಲ ಸಲ ಟ್ರೈಪಾಡ್ ನಿಲ್ಲಿಸಿದಾಗ ಪಕ್ಕದ ಊರಿನ ನಾಲ್ಕೈದು ಜನ ಬಂದು ಸುತ್ತ ನಿಂತರು. ಗಡಿಯ ಊರು, ಕನ್ನಡ ನಡೆಯುತ್ತದೆ. ಹಳಿಯ ಹತ್ತಿರ ಮೂರು ಕಾಲಿನ ಯಂತ್ರ ಕಂಡರೆ ಅದು ಸರ್ವೇ ಎಂದೇ ಅವರ ನಂಬಿಕೆ. ಹಿರಿಯನೊಬ್ಬ ಚಹಾ ತರಿಸಿದ.

"ಸಾಹೇಬ್ರ, ಮೂರನೇ ಲೈನ್ ಯಾ ಕಡಿಂದ ಹೊಂಟೈತ್ರಿ? ನನ್ನ ಹೊಲ ಹೋಗೂದಿದ್ರ ಪೂರಾ ಹೋಗ್ಲಿ. ಅರ್ಧ ಬ್ಯಾಡ."

"ನಾ ಸರ್ವೇದವ ಅಲ್ಲ. ಗಾಡಿ ಫೋಟೋ ತಗ್ಯಾಕ ಬಂದೀನಿ."

"ಯಾರು ಕಳಿಸ್ಯಾರ?"

"ಯಾರೂ ಇಲ್ಲ."

"ಪಗಾರ?"

"ಇಲ್ಲ."

"ಹೋಗಿ ಬರೋ ಖರ್ಚು?"

"ನಂದ."

ಹಿರಿಯ ನನ್ನ ಕೈಯಲ್ಲಿದ್ದ ಚಹಾ ನೋಡಿದ. ಕೊಟ್ಟದ್ದನ್ನು ಕಸಿಯುವ ಹಾಗಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ:

"ಮನ್ಯಾಗ ಭಾಳ ಜಗಳ ಏನ್ರಿ?"

೨. ಡಾಕ್ಟರ ಕಿವಿ

ಗೂಡ್ಸ್ ಗಾಡಿಗೆ ವೇಳಾಪಟ್ಟಿ ಇರುವುದಿಲ್ಲ. ಬಂದಾಗ ಬಂತು. ಹಾಗಾಗಿ ಪಕ್ಕದ ಫ್ಲಾಟಿನ ಡಾಕ್ಟರು ನನ್ನ ಜೊತೆ ಬರತೊಡಗಿದರು. ಅವರಿಗೂ ಇದೇ ಹುಚ್ಚು. ಕಿವಿ, ಮೂಗು, ಗಂಟಲಿನ ತಜ್ಞರು. ಸದ್ದು ಕೇಳಿಯೇ ಎಂಜಿನ್ ಯಾವುದೆಂದು ಹೇಳಬಲ್ಲೆ ಎಂಬುದು ಅವರ ಹೆಗ್ಗಳಿಕೆ.

"ಶ್! ಎರಡು ಎಂಜಿನ್. ಫುಲ್ ಲೋಡ್. ಓಡ್ರಿ!"

ಓಡಿದೆವು. ಬಂಡೆಯ ಮೇಲೆ ನಾನು ಜಾರಿ ಪ್ಯಾಂಟು ಹರಿದುಕೊಂಡೆ. ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾ ಹಿಡಿದೆ. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಕೊನೆಗೆ ನಮ್ಮ ಬೆನ್ನ ಹಿಂದಿನ ಕಾಲುದಾರಿಯಲ್ಲಿ ಕಾಣಿಸಿಕೊಂಡಿತು. ಬೋರ್‌ವೆಲ್ ಕೊರೆಯುವ ಲಾರಿ.

ಡಾಕ್ಟರು ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲೋಡ್ ಅಂತೂ ಫುಲ್ ಐತ್ರಿ" ಎಂದರು.

ಅಂದಿನಿಂದ ನನ್ನ ಕಿವಿಯನ್ನು ಬೇರೆ ಡಾಕ್ಟರಿಗೆ ತೋರಿಸುತ್ತಿದ್ದೇನೆ.

೩. ಬ್ಯಾಗು

ಭಾವನವರ ಗಾಡಿಗೆ ಕಾದ ಮೊದಲ ದಿನ. ವ್ಯವಸ್ಥೆ ಹೀಗಿತ್ತು: ಹಿಂದಿನ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಭಾವ ಅಕ್ಕನಿಗೆ ಫೋನ್ ಮಾಡುವುದು, ಅಕ್ಕ ನನಗೆ ಮಾಡುವುದು. ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಬಂಡೆಯ ಮೇಲೆ. ಅದೂ ತನಗೆ ಮನಸ್ಸು ಬಂದಾಗ. ನಾನು ಅದರ ಮೇಲೆ ಹಲ್ಲಿಯಂತೆ ಅಂಟಿಕೊಂಡು ನಿಂತಿದ್ದೆ.

"ಹೊಂಟಾರಂತ!" ಅಂದಳು ಅಕ್ಕ.

ಗಾಡಿ ಬಂತು. ಕೆಳಗೆ ನೀರು, ಮೇಲೆ ಬಿಸಿಲು, ತಿರುವಿನಲ್ಲಿ ಎಂಜಿನ್. ನಾನೂ ಡಾಕ್ಟರೂ ಮನಸಾರೆ ಕ್ಲಿಕ್ಕಿಸಿದೆವು. ಎಂಜಿನ್ ಹೋದದ್ದೇ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿ, ಕ್ಯಾಮೆರಾ ಬ್ಯಾಗಿಗೆ ಹಾಕಿ, ಚೈನ್ ಎಳೆದು, ಉಪ್ಪಿಟ್ಟಿನ ಡಬ್ಬಿ ತೆರೆದೆವು. ಗಾಡಿಯ ಫೋಟೋ ತೆಗೆಯುವವರು ಲಾಗಾಯ್ತಿನಿಂದ ಮಾಡಿಕೊಂಡು ಬಂದದ್ದೇ ಇದು. ಎಂಜಿನ್ ಹೋದರೆ ಗಾಡಿ ಹೋಯಿತು.

ಗಾಡಿ ಮಾತ್ರ ಹೋಗಿರಲಿಲ್ಲ. ಅರ್ಧ ಕಿಲೋಮೀಟರಿಗೂ ಉದ್ದ. ವ್ಯಾಗನ್ನುಗಳು ಹಾದು ಹಾದು, ಕಡೆಗೆ ಬಾಲದ ಡಬ್ಬಿ ಬಂತು. ಅದರ ಕಟ್ಟೆಯ ಮೇಲೆ ಭಾವ. ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮು, ಟೊಪ್ಪಿಗೆ, ಒಂದು ಕೈ ಸರಳಿನ ಮೇಲೆ, ಗದ್ದ ಮೇಲಕ್ಕೆ.

"ಏ! ನಾ ಇಲ್ಲಿದ್ದೀನಲೊ!"

ಕೂಗು ಗಾಡಿಯೊಂದಿಗೇ ಹೊರಟುಹೋಯಿತು. ನಾನು ಚಮಚ ಎತ್ತಿ ಬೀಸಿದೆ.

ಮನೆಗೆ ಬಂದ ಭಾವ ಸಿಟ್ಟು ಮಾಡಲಿಲ್ಲ. "ನಂಗೇನು ಹೊಸಾದಲ್ಲಪಾ. ಸರ್ವಿಸ್ ಪೂರಾ ಇದನ್ನ ನೋಡೀನಿ. ಫೋಟೋ ತಗ್ಯಾವರು ಅಂದ್ರ ನನ್ನ ಪಾಲಿಗೆ ಬ್ಯಾಗಿನ ಚೈನ್ ಎಳಕೊಳ್ಳೋ ಮಂದಿ."

೪. ವರ

ಎರಡನೆಯ ಸಲ ಬ್ಯಾಗನ್ನು ಕಾರಿನಲ್ಲೇ ಬಿಟ್ಟು ಬಂದೆ. ಎಂಜಿನ್ ಇನ್ನೂ ದೂರವಿತ್ತು, ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಎಳೆಯ ಪೊಲೀಸ್ ಬಂದ.

"ಕ್ಯಾ ಕರ್ ರೈ ಯಹಾಂ?"

ಇಲ್ಲೇನು ಮಾಡುತ್ತಿದ್ದೇನೆಂದು ಹೇಳಿದೆ. ನನ್ನ ಹಿಂದಿ ಕೇಳಿ ಅವನಿಗೆ ನಾನು ಯಾವ ಕಡೆಯವನೆಂದು ತಿಳಿಯಿತು. ಅವನು ಕಲಬುರಗಿಯವನಂತೆ. ಕಾನೂನು ತಕ್ಷಣ ಮೆತ್ತಗಾಯಿತು.

"ಸರ್, ಕ್ಯಾಮೆರಾ ಹೆಂಗೂ ದೊಡ್ಡದೈತಿ, ನಂದೊಂದು ಹೊಡೀರಿ. ಹೆಣ್ಣಿನ ಕಡಿಯವರಿಗೆ ಕಳಿಸಬೇಕು. ಹಿಂದ ಗಾಡಿ ಇದ್ರ ಭಾಳ ಡ್ಯೂಟಿ ಇದ್ದಂಗ ಕಾಣ್ತೈತಿ."

ಯೂನಿಫಾರ್ಮಿಗೆ ಇಲ್ಲ ಎನ್ನುವ ಧೈರ್ಯ ತರ್ಕಶಾಸ್ತ್ರದಿಂದ ಬರುವುದಿಲ್ಲ. ಅವನು ಬೆಲ್ಟು ಸರಿಮಾಡಿಕೊಂಡ. ಟೊಪ್ಪಿಗೆ ಸರಿಮಾಡಿಕೊಂಡ. ಮೀಸೆಯ ಎರಡನೆಯ ತುದಿಗೆ ಅವನ ಕೈ ಏರಿದಾಗ ಹಿಂದೆ ಭಾವನ ಡಬ್ಬಿ ದಾಟಿತು, ನಾನು ಕ್ಲಿಕ್ಕಿಸಿದೆ.

ಅಕ್ಕ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಇದರಾಗ ಇವರೆಲ್ಲಿ?"

"ಪೊಲೀಸನ ಕಂಕುಳ ಕೆಳಗ."

ಹುಡುಗನ ಲಗ್ನ ಗಟ್ಟಿಯಾಯಿತಂತೆ. ಮೊಳೆ ಮಾತ್ರ ಖಾಲಿ.

೫. ಹಾರ

ಭಾವನ ಕೊನೆಯ ಡ್ಯೂಟಿ. ಡಾಕ್ಟರಿಗೆ ಬಾಯಿ ತೆರೆಯಬಾರದೆಂದು ಹೇಳಿದ್ದೆ. ಪೊಲೀಸ್ ರಜೆ ಮೇಲೆ ಮದುವೆಯಾಗಲು ಹೋಗಿದ್ದ. ಎಂಜಿನ್ ಬಂದಾಗ ನಾನು ಕ್ಯಾಮೆರಾ ಎತ್ತಲೂ ಇಲ್ಲ. ಜನ್ಮದಲ್ಲಿ ಮೊದಲ ಸಲ. ವ್ಯಾಗನ್ನುಗಳನ್ನು ಬಿಟ್ಟೆ. ದೂರದಲ್ಲಿ ಬಾಲದ ಡಬ್ಬಿ, ಅದರಲ್ಲಿ ಒಂದು ಬಿಳಿ ಚುಕ್ಕೆ.

ಆಗ ಎದುರಿನಿಂದ, ನನ್ನ ಕಡೆಯ ಹಳಿಯ ಮೇಲೆ, ಇನ್ನೊಂದು ಗೂಡ್ಸ್ ಬಂತು.

ನಾನು ಬಟನ್ ಒತ್ತಿ ಹಿಡಿದೇ ಇದ್ದೆ. ಸಿಮೆಂಟು, ಸಿಮೆಂಟು, ಸಿಮೆಂಟು. ಆ ಗೋಡೆಯ ಹಿಂದೆ ಭಾವ ಗದ್ದ ಎತ್ತಿಕೊಂಡೇ ದಾಟಿಹೋಗಿದ್ದರು. ಕೊನೆಗೆ ಬಂದದ್ದು ಎದುರು ಗಾಡಿಯ ಗಾರ್ಡ್. ಕ್ಯಾಮೆರಾ ಕಂಡು ಅವನು ನೆಟ್ಟಗೆ ನಿಂತು ಹಸಿರು ಬಾವುಟ ಬೀಸಿದ. ಕಣಿವೆ, ನೀರು, ಬೆಳಕು, ಬಾವುಟ. ನಾನು ತೆಗೆದದ್ದರಲ್ಲೇ ಒಳ್ಳೆಯ ಫೋಟೋ.

ಬಂಡೆ ಹತ್ತಿ ಅಕ್ಕನಿಗೆ ಅದನ್ನು ಕಳಿಸಿ, ಹಿಂದೆಯೇ 'ಇವರು ಭಾವ ಅಲ್ಲ' ಎಂದು ಬರೆದೆ. ಫೋಟೋ ಹೋಯಿತು. ಬರೆದದ್ದು ದೊಡ್ಡ ರಸ್ತೆಗೆ ಬಂದ ಮೇಲೆ ಹೋಯಿತು. ಅಷ್ಟರಲ್ಲಿ ಅಕ್ಕ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಯಾಗಿತ್ತು. ಅವಳ ಫೋನು ಬಂತು.

"ಅಲ್ಲಂದ್ರ? ನನ್ನ ನೆಗೆಣ್ಣಿ 'ಭಾವಾರು ಎಷ್ಟು ತೆಳ್ಳಗಾಗ್ಯಾರ' ಅಂತ ಬರದಾಳ. ಇನ್ನ ಅಲ್ಲ ಅನ್ನಾಕ ಬರೂದಿಲ್ಲ."

ಅಬಿಡ್ಸ್‌ನಲ್ಲಿ ಫ್ರೇಮು ಹಾಕಿಸಿ ಮೊಳೆಗೆ ತೂಗುಹಾಕಿದರು. ಟೊಪ್ಪಿಗೆಯ ನೆರಳಲ್ಲಿ ಮುಖ ಅಷ್ಟಾಗಿ ಕಾಣುತ್ತಿರಲಿಲ್ಲ. ಭಾವ ಬಹಳ ಹೊತ್ತು ನೋಡಿ, "ಯಾರಿದ್ರೇನು, ಗಾರ್ಡ್ ಅಂತೂ ಹೌದು" ಎಂದು ಚಹಾ ಕೇಳಿದರು.

ನಿವೃತ್ತಿಯ ಊಟಕ್ಕೆ ಮನೆ ತುಂಬ ಜನ. ಹೂವಿನವನು ಹಾಲ್ ಸಿಂಗರಿಸಿ, ಉಳಿದ ಚೆಂಡುಹೂವಿನ ಹಾರಗಳನ್ನು ಸಾಲಾಗಿದ್ದ ಮೂರೂ ಫೋಟೋಗಳಿಗೆ ಹಾಕಿ ಹೋಗಿದ್ದ. ಅಕ್ಕ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು, ನೋಡಲಿಲ್ಲ. ನಾನು ಬಂದವರ ಫೋಟೋ ತೆಗೆದು ಮುಗಿಸಿ ತಟ್ಟೆ ಹಿಡಿದಿದ್ದೆ.

ಆಗ ಭಾವನ ಜೊತೆ ಕೆಲಸ ಮಾಡುವ ಒಬ್ಬರು ತಡವಾಗಿ ಬಂದರು. ಚಪ್ಪಲಿ ಬಿಟ್ಟು, ನಗುತ್ತಾ ಒಳಗೆ ಬಂದವರು ಗೋಡೆ ನೋಡಿ ನಿಂತುಬಿಟ್ಟರು. ಅತ್ತೆ, ಮಾವ, ಪಕ್ಕದಲ್ಲಿ ಹಾರ ಹಾಕಿಸಿಕೊಂಡು ಹಸಿರು ಬಾವುಟ ಬೀಸುತ್ತಿರುವ ತಾವು.

"ರೀ," ಎಂದರು ಭಾವನಿಗೆ, "ನಾ ಯಾವಾಗ ಹೋದೆ?"

ಭಾವ ಫೋಟೋ ನೋಡಿದರು, ಅವರನ್ನು ನೋಡಿದರು, ನನ್ನನ್ನು ನೋಡಿದರು. "ಹೋಗಿಲ್ಲಪಾ. ನನ್ನ ಕಡೀ ಡ್ಯೂಟಿಗೆ ಎದುರು ಬಂದಿದ್ದಿ. ಅದರ ಫಲ."

ಸೌಟು ಹಿಡಿದು ಬಂದ ಅಕ್ಕ "ಅಯ್ಯ ಶಿವನ!" ಎಂದು ಅಲ್ಲೇ ನಿಂತಳು. "ಅಂದ್ರ ಇವರು ಭಾವಾರಲ್ಲೇನು?" ಎಂದಳು ನೆಗೆಣ್ಣಿ.

ಬಂದವರು ಸಿಟ್ಟಾಗಲಿಲ್ಲ. ಇನ್ನೂ ಹತ್ತಿರ ಹೋಗಿ ತಮ್ಮನ್ನೇ ನೋಡಿಕೊಂಡರು. "ಅಕ್ಕಾರ, ಇದನ್ನ ನಾ ಒಯ್ಯಲೇನ್ರಿ? ಡ್ಯೂಟಿ ಮ್ಯಾಗಿಂದು ನಂದೂ ಒಂದೂ ಇಲ್ಲ."

ಅಕ್ಕ ತಲೆಯಾಡಿಸಿದಳು. ಅವರು ಫೋಟೋ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಕೈಯಲ್ಲಿ ಹಾರ ಉಳಿಯಿತು. ಎಲ್ಲಿಡಬೇಕೆಂದು ಅತ್ತಿತ್ತ ನೋಡಿ, ಭಾವನ ಕೊರಳಿಗೆ ಹಾಕಿಬಿಟ್ಟರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಖಾಲಿ ಮೊಳೆಯ ಕೆಳಗೆ ನೆಟ್ಟಗೆ ನಿಂತರು. ಒಂದು ಕೈ, ಅಲ್ಲಿಲ್ಲದ ಸರಳಿನ ಮೇಲೆ ಹೋಯಿತು. ಗದ್ದ ಮೇಲೇರಿತು. ಹಾಗೇ ನನ್ನ ಕಡೆ ನೋಡಿದರು. ಮನೆಯವರೆಲ್ಲ ನನ್ನ ಕಡೆ ನೋಡಿದರು.

ನನ್ನ ಬಾಯಲ್ಲಿ ಹೋಳಿಗೆ ಇತ್ತು.

"ಕ್ಯಾಮೆರಾ ಬ್ಯಾಗಿಗೆ ಹಾಕಿದೇನು?" ಎಂದರು ಭಾವ.