ಅವ್ವನ ಹೆಸರು ಮೊದಲು

ವಾದದಲ್ಲಿ ನಾನು ಸೋತದ್ದಿಲ್ಲ. ಇದು ಜಂಭವಲ್ಲ, ದಾಖಲೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಟ್ರೋಫಿಗಳು ವಿಶಾಖಪಟ್ಟಣದ ನಮ್ಮ ಕ್ವಾರ್ಟರ್ಸ್‌ನ ಷೋಕೇಸಿನಲ್ಲಿ ಜಾಗ ಸಾಲದೆ ಫ್ರಿಜ್ಜಿನ ತಲೆಯ ಮೇಲೆ ಏರಿ ಕೂತಿದ್ದವು. ಒಂದರಲ್ಲಿ ಅವ್ವ ಹವೀಜ, ಅಂದರೆ ಕೊತ್ತಂಬರಿ ಬೀಜ, ತುಂಬಿಟ್ಟಿದ್ದಳು. ಪ್ರತಿಭೆಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.

ಆ ವರ್ಷ ಅಪ್ಪ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗುವವರಿದ್ದರು. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು. ಧಾರವಾಡದಿಂದ ಬಂದವರು ಸಮುದ್ರದ ಗಾಳಿಗೆ ಒಗ್ಗಿಹೋಗಿದ್ದರು, ವಾಪಸ್ಸು ಹೋಗುವ ಮನಸ್ಸಿರಲಿಲ್ಲ. ಎಂವಿಪಿ ಕಾಲೋನಿಯಲ್ಲಿ ಒಂದು ಹಳೆಯ ಫ್ಲ್ಯಾಟ್ ನೋಡಿ ಮುಂಗಡವನ್ನೂ ಕೊಟ್ಟಿದ್ದರು, ಆ ದಿನ ನಾನೂ ಜೊತೆಗಿದ್ದೆ. ಮಾರುವವರು ಸುಶೀಲಮ್ಮ ಎಂಬ ನಿವೃತ್ತ ಟೀಚರು. ಅವರದು ಒಂದೇ ಷರತ್ತು: ಆಷಾಢ ಬರುವುದರೊಳಗೆ ಪೂರ್ತಿ ಹಣ ಕೊಟ್ಟು ರಿಜಿಸ್ಟ್ರೇಷನ್ ಮುಗಿಸಬೇಕು. ತಪ್ಪಿದರೆ ಅವರ ಮಗ ಹೈದರಾಬಾದಿನಿಂದ ಬೇರೆ ಗಿರಾಕಿಯನ್ನು ಕರೆತರಲು ಸಿದ್ಧನಾಗಿ ಕೂತಿದ್ದ. ಬಾಕಿ ಹಣಕ್ಕೆ ಅಪ್ಪನ ಷೇರುಗಳನ್ನು ಮಾರುವುದೆಂದು ತೀರ್ಮಾನವಾಯಿತು.

ಇಷ್ಟು ಸುಲಭವಾಗಿ ಮುಗಿಸಿಬಿಟ್ಟರೆ ಓದಿದ ಮಗಳು ಇದ್ದೂ ಏನು ಪ್ರಯೋಜನ?

ಅಪ್ಪನ ಷೇರುಗಳೆಲ್ಲ ಮೂರ್ತಿಗಾರು ಎಂಬ ಹಳೆಯ ಬ್ರೋಕರ್ ಬಳಿ ಇದ್ದವು. ಅಲ್ಲಿ ಕಮಿಷನ್ ದುಬಾರಿ, ಕಾಫಿ ಪುಕ್ಕಟೆ. ನಾನಾಗ ವಿಜಯವಾಡದ ಕೋಚಿಂಗ್ ಸೆಂಟರೊಂದರಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲಿನ ಬೆಂಜ್ ಸರ್ಕಲ್‌ನಲ್ಲಿ ಹೊಸ ಬ್ರೋಕರ್ ಕಂಪನಿಯೊಂದು ಗಾಜಿನ ಬಾಗಿಲು ತೆರೆದಿತ್ತು. ಕಮಿಷನ್ ಅರ್ಧಕ್ಕರ್ಧ! ಮೊದಲ ವರ್ಷ ಖಾತೆಯ ಶುಲ್ಕವಿಲ್ಲ! ಹಳೆಯ ಖಾತೆಯಿಂದ ಷೇರುಗಳನ್ನು ತಂದವರಿಗೆ ಒಂದು ಡಿನ್ನರ್ ಸೆಟ್!

ನಾನು ಹುಟ್ಟು ಸಂಶಯಸ್ಥೆ. ಡಿನ್ನರ್ ಸೆಟ್ಟಿಗೆ ಮರುಳಾಗುವವರ ಪೈಕಿಯಲ್ಲ. ಕೌಂಟರಿನಲ್ಲಿದ್ದ ಕಿರಣ್ ಎಂಬ ಯುವಕನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದಂತೆ ಪ್ರಶ್ನಿಸಿದೆ. ಮುಚ್ಚಿಟ್ಟ ಖರ್ಚು ಎಷ್ಟು?

"ಏಮೀ ಲೇವು ಮೇಡಂ," ಏನೂ ಇಲ್ಲ ಎಂದ. ತಮ್ಮ ಹಳೆಯ ಖಾತೆ ಮುಚ್ಚಿ ತಮ್ಮದೇ ಹೊಸ ಖಾತೆಗೆ ಷೇರು ಸಾಗಿಸಿದರೆ ಯಾರೂ ಶುಲ್ಕ ಕೇಳುವಂತಿಲ್ಲ, ಈಚೆಗೆ ಬಂದ ನಿಯಮ ಎಂದು ತೋರಿಸಿದ. ಓದಿದೆ. ನಿಜವಿತ್ತು. ಆಮೇಲೆ ಫಾರ್ಮು ಮುಂದೆ ಸರಿಸಿ, ಮೊದಲ ಹೆಸರು ತಂದೆಯವರದೇ ತಾನೆ ಎಂದು ಕೇಳಿದ, "ಮೊದಟಿ ಪೇರು ನಾನ್ನಗಾರಿದೇ ಕದಾ?"

ಹಳೆಯ ಖಾತೆಯಲ್ಲಿ ಅಪ್ಪ ಮೊದಲು, ಅವ್ವ ಎರಡನೆಯವಳು. ಯಾಕೆ? ನನ್ನೊಳಗಿನ ಟ್ರೋಫಿಗಳೆಲ್ಲ ಒಟ್ಟಿಗೆ ಎದ್ದು ನಿಂತವು.

"ಯಾಕೆ ಯಾವಾಗಲೂ ಗಂಡಸಿನ ಹೆಸರೇ ಮೊದಲು? ಆ ಷೇರುಗಳಿಗೆ ಹಣ ಉಳಿಸಿದವರು ಯಾರು?"

"ಮೇಡಂ, ಪಾತ ಅಕೌಂಟ್‌ಲೋ ಎಲಾ ಉಂದೋ ಅಲಾನೇ..."

"ಹಳೆಯದರಲ್ಲಿ ಇದ್ದ ಹಾಗೆಯೇ ಇರಬೇಕೆ? ಹಳೆಯ ಅನ್ಯಾಯವೂ ಹಾಗೆಯೇ ಇರಬೇಕೆ?"

ಅವನು ಮತ್ತೆ ಬಾಯಿ ತೆರೆದ. ನಾನು ಕೈಯೆತ್ತಿ ತಡೆದೆ. ಎದುರಾಳಿಗೆ ಎರಡನೆಯ ಅವಕಾಶ ಕೊಡಬಾರದೆಂಬುದು ಚರ್ಚೆಯ ಮೊದಲ ಪಾಠ. ಕಾಯುತ್ತಿದ್ದ ಗಿರಾಕಿಗಳಲ್ಲಿ ಒಬ್ಬರು ಚಪ್ಪಾಳೆ ತಟ್ಟಿಯೇಬಿಟ್ಟರು! ಕಿರಣ್ ತಲೆ ತಗ್ಗಿಸಿ ಅವ್ವನ ಹೆಸರನ್ನು ಮೊದಲು ಬರೆದ. ಸ್ತ್ರೀ ಕುಲಕ್ಕೆ ಜಯವಾಯಿತು.

ಸಹಿ ಹಾಕಿಸಲು ವಿಶಾಖಪಟ್ಟಣಕ್ಕೆ ಹೋದಾಗ ಅವ್ವ, "ನನ್ನ ಹೆಸರು ಯಾಕ ಬೇಕಾಗಿತ್ತವಾ?" ಎಂದಳು.

"ಹಾಕಲಿ ಬಿಡ, ಹೆಂಗಿದ್ರೂ ಮನ್ಯಾಗ ನಿಂದ ನಡೀತದ," ಎಂದು ಅಪ್ಪ ನಕ್ಕರು.

ವಾರ ಕಳೆಯಿತು. ಮೂರ್ತಿಗಾರು ವಿಜಯವಾಡಕ್ಕೇ ಫೋನು ಮಾಡಿದರು. ಹೆಸರುಗಳ ಸಾಲು ಹಿಂದುಮುಂದಾದರೆ ಅದು ಅದೇ ಖಾತೆಯಲ್ಲವಂತೆ. ಬೇರೆ ಯಾರಿಗೋ ಷೇರು ಕೊಟ್ಟಂತೆ ಲೆಕ್ಕವಂತೆ. ಪುಕ್ಕಟೆ ಸಾಗಣೆ ಅನ್ವಯಿಸದು. ಒಂದೊಂದು ಕಂಪನಿಯ ಷೇರಿಗೂ ಬೇರೆ ಬೇರೆ ಶುಲ್ಕ!

ಇಲ್ಲಿ ಅಪ್ಪನ ಒಂದು ಅಭ್ಯಾಸ ಹೇಳಬೇಕು. ಅವರು ಷೇರನ್ನು ಉಪ್ಪಿನಕಾಯಿ ಬಡಿಸಿದ ಹಾಗೆ ಕೊಳ್ಳುತ್ತಿದ್ದರು. ಎಲ್ಲ ಕಂಪನಿಯದೂ ಇರಬೇಕು, ಎಲೆಯ ತುದಿಯಲ್ಲಿ ಚೂರು ಚೂರು. ಕೆಲವು ಕಂಪನಿಗಳಲ್ಲಿ ನಮ್ಮ ಪಾಲಿನ ಬೆಲೆಗಿಂತ ಅದನ್ನು ಸಾಗಿಸುವ ಕೂಲಿಯೇ ಹೆಚ್ಚು!

ನಾನು ಸುಮ್ಮನಿರಲಿಲ್ಲ. ಗಂಡಹೆಂಡಿರು ಇಬ್ಬರೂ ಅವರೇ, ಷೇರೂ ಅದೇ, ಸಾಲು ಬದಲಾದರೆ ಮನುಷ್ಯರು ಬದಲಾಗುತ್ತಾರೆಯೇ ಎಂದು ಅರ್ಧ ಗಂಟೆ ವಾದಿಸಿದೆ. ಮೂರ್ತಿಗಾರು ಸಮಾಧಾನದಿಂದ ಕೇಳಿ ಹೇಳಿದರು:

"ಮೀರು ಚೆಪ್ಪಿಂದಂತಾ ಕರೆಕ್ಟೇ ಅಮ್ಮಾ. ಕಾನೀ ಕಂಪ್ಯೂಟರ್ ವಿನದು."

ನಾನು ಹೇಳಿದ್ದೆಲ್ಲ ಸರಿಯೇ, ಆದರೆ ಕಂಪ್ಯೂಟರ್ ಕೇಳುವುದಿಲ್ಲ! ಜೀವನದಲ್ಲಿ ಮೊದಲ ಬಾರಿಗೆ ಕಿವಿಯಿಲ್ಲದ ಎದುರಾಳಿ ಸಿಕ್ಕಿದ್ದ.

ಹೊಸದಾಗಿ ಫಾರ್ಮು ತುಂಬಲು ಸಮಯವಿರಲಿಲ್ಲ. ಶುಲ್ಕ ತೆತ್ತೆವು. ಡಿನ್ನರ್ ಸೆಟ್ಟು "ತಮ್ಮದೇ ಖಾತೆಯಿಂದ" ತಂದವರಿಗೆ ಮಾತ್ರವಾದ್ದರಿಂದ ನಮಗೆ ಒಂದು ಕೀ ಚೈನ್ ಬಂತು. ಮನೆಯೇ ಕೈಗೆ ಬಂದಿರಲಿಲ್ಲ, ಕೀಲಿಗೆ ಸರಪಳಿ ಮಾತ್ರ ತಯಾರು.

ಇನ್ನು ಮಾರುವುದು. ಫೋನಿನಲ್ಲಿ ಆದೇಶ ಕೊಡಬೇಕಾದವರು ಮೊದಲ ಹೆಸರಿನವರು, ಅದು ಆ ಕಂಪನಿಯ ಪದ್ಧತಿ. ಅಂದರೆ ಅವ್ವ! ರೈತು ಬಜಾರಿನಲ್ಲಿ ಬದನೆಕಾಯಿಯವನನ್ನು ಅಳಿಸಿ ಬರುವ ಅವ್ವ! ನಾನು ರಜೆ ಹಾಕಿ ಬಂದು ಫೋನು ಹಚ್ಚಿಕೊಟ್ಟೆ. ಕಿರಣ್ ದರ ಹೇಳಿದ.

"ಅಷ್ಟಕ್ಕ ಕೊಡಂಗಿಲ್ಲ. ಇನ್ನೊಂದೀಟು ಏರಿಸು," ಎಂದಳು ಅವ್ವ, ತನ್ನ ಧಾರವಾಡದ ತೆಲುಗಿನಲ್ಲಿ.

ದರವನ್ನು ತಾನು ಇಡುವುದಿಲ್ಲ, ಮಾರ್ಕೆಟ್ ಇಡುತ್ತದೆ ಎಂದು ಅವನು ಅಂಗಲಾಚಿದ.

"ಹಂಗಿದ್ರ ಆ ಮಾರ್ಕೆಟ್ಟಿನವ್ರಿಗೇ ಫೋನ್ ಕೊಡಪಾ!"

ಮಾರ್ಕೆಟ್ಟಿನವರು ಸಿಗಲಿಲ್ಲ. ಅವ್ವ ಫೋನಿಟ್ಟಳು. ಬಜಾರಿನವರಂತೆ ಹಿಂದೆ ಓಡಿಬಂದು "ಬನ್ನಿ ಅಮ್ಮಾ, ಕೊಡ್ತೀನಿ" ಎನ್ನುತ್ತಾರೆಂದು ಸಂಜೆಯವರೆಗೂ ಕಾದಳು. ಮರುದಿನ ದರ ಬಿತ್ತು. "ನಿನ್ನಿ ರೇಟಿಗೆ ಕೊಡ್ತೀನಂತ ಹೇಳು," ಎಂದಳು. ಅದರ ಮರುದಿನ ಇನ್ನೂ ಬಿತ್ತು.

ನಾನು ಕೂಗಿದೆ, "ಅವ್ವಾ, ಫೋನು ಅಪ್ಪಗ ಕೊಡು!"

"ಯಾಕ, ಈಗ ಗಂಡಸಿನ ಹೆಸರು ಬೇಕಾತೇನು?"

ನಾನು ಮತ್ತೆ ಕಿರಣ್‌ಗೆ ಫೋನು ಹಚ್ಚಿಕೊಟ್ಟೆ. ಕೊನೆಗೆ ಬಂದ ದರಕ್ಕೆ ಮಾರಿದಳು. ಆಷಾಢ ಬಾಗಿಲಲ್ಲಿ ನಿಂತಿತ್ತು, ಹಣ ಕಡಿಮೆ ಬಿದ್ದಿತ್ತು. ಶುಲ್ಕದಲ್ಲಿ ಹೋದದ್ದು ನನ್ನಿಂದ, ದರದಲ್ಲಿ ಹೋದದ್ದೂ ನನ್ನಿಂದಲೇ. ಅಪ್ಪ ಒಂದು ಮಾತು ಬೈಯಲಿಲ್ಲ. "ನೀ ಊಟ ಮಾಡವಾ, ನಾಳೆ ಹೋಗಿ ಟೀಚರನ್ನ ಕೇಳೂಣು," ಎಂದರಷ್ಟೆ. ಬೈದಿದ್ದರೆ ತಿರುಗಿ ವಾದಿಸಬಹುದಿತ್ತು. ಆ ಸುಖವನ್ನೂ ಕೊಡಲಿಲ್ಲ ಮಹಾನುಭಾವರು!

ಸುಶೀಲಮ್ಮನವರ ಮುಂದಿಡಲು ನಾನು ಅಂಶಗಳನ್ನು ತಯಾರು ಮಾಡಿಕೊಂಡೆ. ಕಾನೂನಿನ ದೃಷ್ಟಿ, ಮಾನವೀಯ ದೃಷ್ಟಿ, ಉಪಸಂಹಾರ. ಮೂವರೂ ಹೋಗಿ ಸೋಫಾದಲ್ಲಿ ಕೂತೆವು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಪ್ಪ ಕೈಮುಗಿದು, ಹಣ ಇಷ್ಟು ಕಡಿಮೆಯಿದೆ, ಸ್ವಲ್ಪ ಸಮಯ ಬೇಕು ಎಂದು ತೆಲುಗಿನಲ್ಲಿ ಒಂದೇ ವಾಕ್ಯ ಹೇಳಿ ಮುಗಿಸಿದರು. ಪೀಠಿಕೆಯಿಲ್ಲ, ಆಧಾರವಿಲ್ಲ! ಹೀಗೆ ಯಾರಾದರೂ ಗೆಲ್ಲುತ್ತಾರೆಯೇ?

ಸುಶೀಲಮ್ಮ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಬಾಯಿ ತೆರೆದಿದ್ದೆ.

"ವದ್ದಮ್ಮಾ!" ಎಂದು ಗಾಬರಿಯಿಂದ, ಬೇಡ ಬೇಡವೆಂದು ಕೈ ಅಡ್ಡ ಮಾಡಿದರು. "ರಿಜಿಸ್ಟ್ರೇಷನ್ ಚೇಸೇದ್ದಾಂ. ಮಿಗತಾದಿ ಶ್ರಾವಣಂಲೋ ಇವ್ವಂಡಿ."

ರಿಜಿಸ್ಟ್ರೇಷನ್ ಈಗಲೇ ಮುಗಿಸೋಣವಂತೆ, ಉಳಿದದ್ದನ್ನು ಶ್ರಾವಣದಲ್ಲಿ ಕೊಟ್ಟರೆ ಸಾಕಂತೆ! ಅವ್ವ ಅವರ ಕೈ ಹಿಡಿದು ಕಣ್ಣೊರೆಸಿಕೊಂಡಳು. ಮಗನಿಗೆ ತಾನೇ ಹೇಳುತ್ತೇನೆಂದು ಅವರು ಅಲ್ಲೇ ಹೈದರಾಬಾದಿಗೆ ಫೋನೂ ಮಾಡಿದರು. ಪರಭಾಷೆಯ ಊರಿನಲ್ಲಿ, ಬಾಯಿಮಾತಿನ ಮೇಲೆ ಮನೆ ಬಿಟ್ಟುಕೊಟ್ಟ ಆ ಹಿರಿಯರನ್ನು ನೆನೆದರೆ ಈಗಲೂ ನನ್ನ ಕೈಗಳು ತಾವಾಗಿ ಜೋಡಿಸಿಕೊಳ್ಳುತ್ತವೆ.

ಹೊರಡುವಾಗ ತಡೆಯಲಾರದೆ ಕೇಳಿದೆ, ಇಷ್ಟು ಬೇಗ ಒಪ್ಪಿದಿರಲ್ಲ, ಕಾರಣವೇನು?

ಅವರು ನನ್ನ ಗಲ್ಲ ಹಿಡಿದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: "ಮುಂಗಡ ಕೊಟ್ಟ ದಿನ ಬಾಲ್ಕನಿಯ ಗ್ರಿಲ್ಲಿನ ಬಗ್ಗೆ ಒಂದು ಗಂಟೆ ಮಾತಾಡಿದೆಯಲ್ಲ ತಲ್ಲೀ. ನನಗೆ ಬಿಪಿ ಇದೆ."