ಚಾದರದ ಜೀನು, ಟಗರಿನ ರಕ್ತ

ಡಿಎನ್‌ಎ ಅನ್ನುವ ಶಬ್ದವನ್ನು ನಾನು ಎಲ್ಲೆಲ್ಲಿ ಬಾಯಿಬಿಟ್ಟು ಹೇಳಿದ್ದೇನೋ ಅಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಇದೆ. ನನ್ನ ಊರು ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟ ತಾಲೂಕಿನ ಚಪಳಗಾಂವ. ಸೊಲ್ಲಾಪುರದಲ್ಲಿ ಬಯೋಟೆಕ್ನಾಲಜಿಯಲ್ಲಿ ಎಂಎಸ್ಸಿ ಮಾಡಿದೆ. ಫಲಿತಾಂಶ ಬಂದ ದಿನ ನಮ್ಮ ಕಾಕಾ ಇಡೀ ಓಣಿ ತಿರುಗಿ, "ನಮ್ಮ ಹುಡುಗಿ ಇನ್ನ ಹೊಸಾ ಹೊಸಾ ಜೀವ ಹುಟ್ಟಸ್ತಾಳ" ಅಂತ ಹೇಳಿ ಬಂದಿದ್ದ. ಇಷ್ಟು ವರ್ಷದಲ್ಲಿ ನಾನು ಹುಟ್ಟಿಸಿದ್ದು ಬರೀ ತಪ್ಪು ತಿಳುವಳಿಕೆ. ಅದರಲ್ಲಿ ಕೆಲವನ್ನು ಇಲ್ಲಿ ಬರೆದಿಡುತ್ತೇನೆ. ನಿಮಗೆ ನಗು ಬಂದರೆ ನಗಿರಿ. ನನಗೆ ಆಗ ಬಂದಿರಲಿಲ್ಲ, ಈಗಲೂ ಪೂರ್ತಿ ಬರುವುದಿಲ್ಲ.

ಡಬ್ಬಿಯ ಮುಚ್ಚಳ

ಮೊದಲ ನೌಕರಿ ಸಿಕ್ಕಿದ್ದು ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಜಿಮ್ಮಿಗೆ ಹೋಗುವ ಹುಡುಗರು ಹಾಲಿಗೆ ಕಲಸಿಕೊಂಡು ಕುಡಿಯುವ ಪ್ರೋಟೀನ್ ಪುಡಿಯನ್ನು ಅಲ್ಲಿ ಡಬ್ಬಿಗೆ ತುಂಬುತ್ತಿದ್ದರು. ಕಾರ್ಖಾನೆಯ ಶೇಠರು ನನ್ನ ಅರ್ಜಿ ತಿರುವಿಹಾಕಿ, "ಜೀನ್ ಕತ್ತರಿಸಿ ಜೋಡಸಾಕ ಬರ್ತದ ಅಂತ ಬರದೀರಿ. ಕತ್ರಿ ಯಾ ಕಂಪನೀದು?" ಅಂತ ಕೇಳಿದರು.

ಅದು ಕಬ್ಬಿಣದ ಕತ್ತರಿ ಅಲ್ಲ, ಡಿಎನ್‌ಎಯನ್ನು ಗೊತ್ತುಮಾಡಿದ ಜಾಗದಲ್ಲೇ ತುಂಡರಿಸುವ ಒಂದು ಕಿಣ್ವ ಅಂತ ಹೇಳಿದೆ. "ಅಂದ್ರ ಕತ್ರಿ ಹಿಡದು ಅಭ್ಯಾಸ ಇಲ್ಲ" ಅಂತ ಅರ್ಜಿಯ ಮೂಲೆಯಲ್ಲಿ ಬರೆದುಕೊಂಡರು. ಆದರೂ ಕೆಲಸ ಕೊಟ್ಟರು. ಸಾಲಿನ ಕೊನೆಯಲ್ಲಿ ನಿಂತು ಡಬ್ಬಿಯ ಮುಚ್ಚಳ ಗಟ್ಟಿ ಕೂತಿದೆಯೋ ಇಲ್ಲವೋ ಅಂತ ತಿರುವಿ ನೋಡುವ ಕೆಲಸ.

ಒಂದು ದಿನ ಮಧ್ಯಾಹ್ನ ಶೇಠರು ತಮ್ಮ ಬುತ್ತಿ ತೆಗೆದುಕೊಂಡು ನಾನು ಉಣ್ಣುವಲ್ಲಿಗೇ ಬಂದು ಕೂತರು. "ಈ ಪ್ರೋಟೀನ್ ಅಂದ್ರ ಖರೇ ಏನ್ರಿ? ಇಷ್ಟ ವರ್ಷ ಆತು ಮಾರಾಕತ್ತೀನಿ, ಯಾರೂ ಬಿಡಿಸಿ ಹೇಳಿಲ್ಲ."

ಕೋರ್ಸ್ ಮುಗಿದ ಮೇಲೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಹುರುಪಿನಿಂದ ಶುರುಮಾಡಿದೆ. ದೇಹದ ಒಂದೊಂದು ಕೋಶದಲ್ಲೂ ಡಿಎನ್‌ಎ ಇದೆ, ಅದರಲ್ಲಿ ಜೀನು ಅನ್ನುವ ತುಣುಕುಗಳಿವೆ, ಯಾವ ಪ್ರೋಟೀನನ್ನು ಹೇಗೆ ಮಾಡಬೇಕು ಅನ್ನುವುದು ಆ ಜೀನಿನಲ್ಲಿ ಬರೆದಿರುತ್ತದೆ, ಕೋಶ ಅದರ ನಕಲು ತೆಗೆದುಕೊಂಡು, ಓದಿ, ಮಣಿ ಪೋಣಿಸಿದ ಹಾಗೆ ಪೋಣಿಸಿ ತನ್ನ ಪ್ರೋಟೀನನ್ನು ತಾನೇ ಮಾಡಿಕೊಳ್ಳುತ್ತದೆ ಅಂತ ಹೇಳಿದೆ. ಮಣಿಗಳು ಊಟದಿಂದ ಬರುತ್ತವೆ ಅಂತಲೂ ಹೇಳಿದೆ.

"ಯಾ ಊಟದಿಂದ?"

"ಈಗ ನೀವು ಉಣ್ಣಾಕತ್ತೀರಲ್ರಿ, ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ. ಸಾದಾ ಮನಶ್ಯಾಗ ಅಷ್ಟ ಸಾಕ್ರಿ."

ಶೇಠರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಸುತ್ತ ನೋಡಿದರು. "ಇದನ್ನ ಇಲ್ಲಿ ಮತ್ತ ಯಾರ ಮುಂದರ ಹೇಳೀರೇನು?"

"ಇಲ್ರಿ."

"ಹೇಳಬ್ಯಾಡ್ರಿ."

ಮುಂದಿನ ವಾರ ಡಬ್ಬಿಗೆ ಹೊಸ ಚೀಟಿ ಬಂತು. ಅದರ ಮೇಲೆ ಹೊಸೆದ ಏಣಿಯ ಹಾಗಿರುವ ಡಿಎನ್‌ಎ ಚಿತ್ರ. ಕೆಳಗೆ ದಪ್ಪ ಮರಾಠಿ ಅಕ್ಷರದಲ್ಲಿ, ಡಿಎನ್‌ಎ ತಜ್ಞರು ಪರೀಕ್ಷಿಸಿದ್ದು ಅಂತ ಬರೆದಿತ್ತು. ಯಾವ ತಜ್ಞರು ಅಂತ ಸೂಪರ್‌ವೈಸರ್‌ನನ್ನು ಕೇಳಿದೆ.

"ನೀವ," ಅಂದ ಅವನು. "ಮುಚ್ಚಳಾ ನೋಡಾವ್ರು ನೀವ ಅಲ್ರಿ?"

ನವಿಲಿನ ಕಾಲು

ನನ್ನ ಪಾಂಡಿತ್ಯ ಡಬ್ಬಿಯ ಮೇಲೆ ಕೂತು ಊರೂರು ತಿರುಗುವುದನ್ನು ನೋಡಲಾಗದೆ ಆ ಕೆಲಸ ಬಿಟ್ಟೆ. ಮುಂದೆ ಸಿಕ್ಕಿದ್ದು ಸೊಲ್ಲಾಪುರದಲ್ಲೇ, ಅಕ್ಕಲಕೋಟ ರಸ್ತೆಯ ಕಡೆಗಿರುವ ಒಂದು ಕನ್ನಡ ಸಾಲಿ. ಹತ್ತನೆಯ ಇಯತ್ತೆಗೆ ವಿಜ್ಞಾನ ಕಲಿಸಬೇಕು. ಆ ಮಕ್ಕಳಿಗೆ ಮನೆಯಲ್ಲಿ ಒಂದು ಕನ್ನಡ, ಓಣಿಯಲ್ಲಿ ಮರಾಠಿ, ಪುಸ್ತಕದಲ್ಲಿ ಯಾರೂ ಆಡದ ಇನ್ನೊಂದು ಕನ್ನಡ. ಪ್ರೋಟೀನಿಗೆ ನಮ್ಮದೇ ಶಬ್ದ ಇರಲಿ ಅಂತ ಹಲಗೆಯ ಮೇಲೆ ಸಸಾರಜನಕ ಅಂತ ಬರೆದೆ. ಹಿಂದಿನ ಬೆಂಚಿನಿಂದ, "ಬಾಯಾರ, ಇದು ಸಾರಿನ ಮಸಾಲಿ ಏನ್ರಿ?" ಅಂತ ಬಂತು. ಒರೆಸಿಬಿಟ್ಟೆ.

ಆಮೇಲೆ ಚಾದರಕ್ಕೆ ಕೈ ಹಾಕಿದೆ. ಅರ್ಧ ತರಗತಿಯ ಅಪ್ಪಂದಿರು ಚಾದರ ನೇಯುವ ಕಾರ್ಖಾನೆಗಳಲ್ಲಿ ಇದ್ದವರು. "ಚಾದರದಾಗ ನವಿಲ ಹೆಂಗ ಮೂಡ್ತದ?" ಅಂತ ಕೇಳಿದರೆ ಎಲ್ಲರೂ ಒಟ್ಟಿಗೆ ಹೇಳಿದರು. ಜಾಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿ ಏರಿಸುತ್ತಾರೆ, ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ನವಿಲು ತಾನಾಗಿ ಮೂಡುತ್ತದೆ.

"ಹಂಗಾರ ಆ ರಟ್ಟ ಡಿಎನ್‌ಎ ಅನ್ಕೋರಿ," ಅಂದೆ. "ಅಸಲ ರಟ್ಟ ಕಪಾಟಿನ್ಯಾಗ ಇರ್ತದ. ಅದರ ನಕಲ ಮಗ್ಗಕ್ಕ ಹೋಗ್ತದ. ಮಗ್ಗ ಓದಿ ನೇಯ್ತದ. ಮೂಡಿದ ನವಿಲ ಪ್ರೋಟೀನ್."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಬಾಯಾರ, ಒಂದ ತೂತ ತಪ್ಪಿದ್ರ ನವಿಲಿಗೆ ಕಾಲ ಬರಂಗಿಲ್ರಿ. ಆ ರಟ್ಟ ತಗಿಯೂತನಾ ಎಲ್ಲಾ ಚಾದರದಾಗೂ ಕುಂಟ ನವಿಲ."

ಜೀನಿನಲ್ಲಾಗುವ ತಪ್ಪನ್ನು ಅದಕ್ಕಿಂತ ಚೆನ್ನಾಗಿ ನನ್ನ ಪ್ರೊಫೆಸರರೂ ಹೇಳಿರಲಿಲ್ಲ. ಒಂದೇ ಒಂದು ಅಕ್ಷರ ತಪ್ಪಿದ್ದಕ್ಕೆ ರಕ್ತದ ಕಣ ಕುಡಗೋಲಿನಂತೆ ಬಾಗುವ ರೋಗದ ಬಗ್ಗೆ ಹೇಳಿದೆ. ವಿಜ್ಞಾನಿಗಳು ಈಗ ಆ ತಪ್ಪು ತೂತು ಹುಡುಕಿ ತಿದ್ದುವುದನ್ನೂ ಕಲಿತಿದ್ದಾರೆ ಅಂದೆ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ನನ್ನ ನೌಕರಿಯಲ್ಲಿ ಅಂಥ ದಿನ ಒಂದೇ ಬಂದಿದ್ದು.

ತಪಾಸಣೆಗೆ ಬಂದ ಸಾಹೇಬರು ಅಷ್ಟೂ ಹೊತ್ತು ಹಿಂದೆ ಕೂತಿದ್ದರು. ಅವರು ಮರಾಠಿಯವರು, ಕನ್ನಡ ಬರುತ್ತಿರಲಿಲ್ಲ. ತಿಳಿದಷ್ಟು ಶಬ್ದ ಬರೆದುಕೊಂಡಿದ್ದರು: ಚಾದರ, ಜಾಕಾರ್ಡ್, ನಕಲ, ಅಸಲ. ಹದಿನೈದು ದಿನಕ್ಕೆ ಕಾಗದ ಬಂತು. ವಿಜ್ಞಾನದ ತಾಸಿನಲ್ಲಿ ಶಿಕ್ಷಕಿ ಚಾದರದ ವ್ಯಾಪಾರ ಮಾಡುತ್ತಿರುವುದು ಕಂಡುಬಂದಿದ್ದು, ಅದಕ್ಕೆ ಉತ್ತರ ಕೊಡಬೇಕು.

ಎರಡು ದಿನ ಕೂತು ಜೀನು ಅಂದರೇನು, ಪ್ರೋಟೀನ್ ಅಂದರೇನು ಅಂತ ನಾಲ್ಕು ಪುಟ ಮರಾಠಿಯಲ್ಲಿ ಉತ್ತರ ಬರೆದೆ. ಹೆಡ್‌ಮಾಸ್ತರರು ಬಾಗಿಲು ಮುಚ್ಚಿ, ನನ್ನ ಕಾಗದವನ್ನು ಓದದೆ ಪಕ್ಕಕ್ಕಿಟ್ಟರು. ಧ್ವನಿ ತಗ್ಗಿಸಿ ಕೇಳಿದರು:

"ಡಬಲ್ ಸೈಜಿನ ಚಾದರ ಅದಾವೇನ್ರಿ?"

ಅಜ್ಜನಿಂದ ಬಂದದ್ದು

ಅದೇ ವರ್ಷ ಪರೀಕ್ಷೆಯಲ್ಲಿ ಜೀನಿನ ಬಗ್ಗೆ ಮೂರು ಸಾಲು ಬರೆಯಿರಿ ಅಂತ ಕೇಳಿದ್ದೆ. ನಮ್ಮ ಮಾತಿನಲ್ಲಿ ಕೈಬಿಚ್ಚದ ಜಿಪುಣನಿಗೆ ಜೀನ ಅನ್ನುತ್ತಾರೆ ಅನ್ನುವುದು ನನ್ನ ನೆನಪಿಗೇ ಬರಲಿಲ್ಲ. ಒಬ್ಬ ಬರೆದಿದ್ದ: "ಜೀನತನವು ತಂದೆಯಿಂದ ಮಗನಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಅಜ್ಜನಿಂದ ಬಂದಿದೆ. ಹೀಗಾಗಿ ನನ್ನನ್ನು ಸಾಲಿಯ ಟ್ರಿಪ್ಪಿಗೆ ಕಳಿಸಲಿಲ್ಲ."

ಪೂರ್ತಿ ಅಂಕ ಕೊಟ್ಟೆ. ಪಾಲಕರ ಸಭೆಗೆ ಆ ಹುಡುಗನ ಅಪ್ಪ ಆ ಉತ್ತರಪತ್ರಿಕೆ ಹಿಡಿದುಕೊಂಡು ಬಂದರು.

"ಮಾರ್ಕ್ಸ್ ಕೊಟ್ಟೀರಿ. ಅಂದ್ರ ನೀವೂ ಒಪ್ಪಿದಂಗಾತಲ್ರಿ?"

ತಂದೆಯಿಂದ ಮಗನಿಗೆ ಬರುತ್ತದೆ ಅನ್ನುವಷ್ಟು ಸರಿ ಇದೆ, ಅದಕ್ಕೆ ಕೊಟ್ಟೆ ಅಂದೆ. ಇನ್ನೇನು ಬೈಯುತ್ತಾರೆ ಅಂತ ನಿಂತಿದ್ದೆ. ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಂದವಾಗಿ ಮಡಚಿ ಕಿಸೆಗೆ ಹಾಕಿಕೊಂಡರು.

"ಇರ್ಲಿ ಬಿಡ್ರಿ. ಹಿಂದಿನ ಮಗ್ಗಲಾ ಖಾಲಿ ಅದ, ಬರಿಯಾಕ ಬರ್ತದ."

ಟಗರು

ದೀಪಾವಳಿ ಸೂಟಿಗೆ ಊರಿಗೆ ಹೋದರೆ ನಮ್ಮ ಓಣಿಯ ಕುರಿ ಸಾಕುವ ಹಿರಿಯರೊಬ್ಬರು ಟಗರಿನ ಕೊರಳಿಗೆ ಹಗ್ಗ ಹಾಕಿಕೊಂಡು ಬಾಗಿಲಿಗೇ ಬಂದಿದ್ದರು. ಹಣೆತುಂಬ ಬೀರಪ್ಪ ದೇವರ ಅರಿಸಿನದ ಭಂಡಾರ, ಮುಖ ಮಾತ್ರ ಗಂಟು.

ಆ ಟಗರು ಸಾಮಾನ್ಯದ್ದಲ್ಲ. ಕುರಿ ಒಂದೇ ಸೂಲಿಗೆ ಎರಡು ಮರಿ ಹಾಕುವಂತೆ ಮಾಡುವ ಜೀನು ಒಂದಿದೆ. ವಿಜ್ಞಾನಿಗಳು ಅದನ್ನು ಒಂದು ತಳಿಯಿಂದ ನಮ್ಮ ಕರಿ ಕುರಿಗಳ ತಳಿಗೆ ತಂದಿದ್ದಾರೆ. ರಕ್ತ ತಪಾಸಣೆ ಮಾಡಿದರೆ ಜೀನು ಇದೆಯೋ ಇಲ್ಲವೋ ತಿಳಿಯುತ್ತದೆ. ಇವರು ಅಂಥ ಸರ್ಟಿಫಿಕೇಟ್ ಇದ್ದ ಟಗರನ್ನೇ ದೂರದಿಂದ ತಂದಿದ್ದರು.

"ಎಲ್ಲಾ ಕುರಿ ಒಂದೊಂದ ಮರಿ ಹಾಕ್ಯಾವ," ಅಂದರು. "ನಿಮ್ಮ ಜೀನ್ ಸುಳ್ಳ ಅದ."

ನಾನು ಸಮಾಧಾನದಿಂದ ಹೇಳಿದೆ. ಜೀನು ಟಗರಿನಲ್ಲಿದ್ದರೂ ಅದರ ಕೆಲಸ ಕಾಣುವುದು ಹೆಣ್ಣಿನಲ್ಲಿ. ಈ ಟಗರಿಗೆ ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾಗಿ ಈಯಲಿ, ಅವು ಎರಡೆರಡು ಹಾಕುತ್ತವೆ. "ಹೆಣ್ಣಮರಿ ಮಾರಬ್ಯಾಡ್ರಿ ಕಾಕಾ, ಜ್ವಾಕಿ ಮಾಡ್ರಿ. ನಿಮ್ಮ ಭಾಗ್ಯ ಎಲ್ಲಾ ಅವುದ್ರಾಗ ಅದ."

ಅವರ ಗಂಟು ಸಡಿಲಾಯಿತು. ತಮ್ಮ ಮನೆಗೆ ಕರೆದುಕೊಂಡು ಹೋಗಿ ಕುರಿಯ ಹಟ್ಟಿ ತೋರಿಸಿದರು. ಅಲ್ಲಿ ಸೊಸೆ ಮೂರನೆಯ ಹೆಣ್ಣುಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡ ಮೊಬೈಲ್ ನೋಡುತ್ತಿದ್ದ. ಹಿರಿಯರು ನನ್ನ ಕಿವಿಯ ಹತ್ತಿರ ಬಂದು, ಆದರೆ ಎಲ್ಲರಿಗೂ ಕೇಳುವಂತೆ, "ಈಕಿ ರಕ್ತಾನೂ ಒಮ್ಮಿ ತಪಾಸ ಮಾಡಿಸಿ ನೋಡ್ರಿ. ಬರೇ ಹೆಣ್ಣ ಹಡಿತಾಳ" ಅಂದರು.

ಹಟ್ಟಿಯಲ್ಲಿ ಹೆಣ್ಣು ಬೇಕು, ಮನೆಯಲ್ಲಿ ಬೇಡ. ನನಗೆ ಸಿಟ್ಟು ಬಂತು. ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನ ಮಾಡುವ ಭಾಗ ಗಂಡಸಿನಿಂದ ಬರುತ್ತದೆ, ಹೆಂಗಸಿನ ಕೈಯಲ್ಲಿ ಅದು ಇಲ್ಲವೇ ಇಲ್ಲ, ತಪಾಸಣೆ ಆಗಬೇಕಾದರೆ ನಿಮ್ಮ ಮಗನದು ಆಗಲಿ ಅಂತ ಗಟ್ಟಿಯಾಗಿಯೇ ಹೇಳಿದೆ. ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಸೊಸೆ ಮಗುವಿನ ಕುಂಚಿಗೆ ಸರಿಮಾಡುತ್ತ ಹೇಳಿದಳು:

"ತಪಾಸ ಮಾಡಿಸಿ ಏನ ಮಾಡೂದ್ರಿ ಬಾಯಾರ. ಟಗರಾದ್ರ ಸಂತ್ಯಾಗ ಮಾರ್ತಿದ್ರು. ಇವರ್ನ ಯಾರ ತಗೋತಾರ?"

ಸೂಜಿ

ಕೊನೆಯದು ನಮ್ಮ ಮನೆಯದೇ. ನಮ್ಮಪ್ಪನಿಗೆ ಹಳೆಯ ಸಕ್ಕರೆ ಕಾಯಿಲೆ. ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಂದು ಸಲವೂ ತಪ್ಪದೆ ಚುಚ್ಚಿಕೊಳ್ಳುತ್ತಿದ್ದ. ಚಹಾದ ಅಂಗಡಿಯಲ್ಲಿ ಯಾರೋ ಮೊಬೈಲ್ ನೋಡಿ, ಇನ್ಸುಲಿನ್ನನ್ನು ಹಂದಿಯಿಂದ ತೆಗೆಯುತ್ತಾರೆ ಅಂತ ಓದಿ ಹೇಳಿದರು. ಜನ್ಮದಲ್ಲಿ ತತ್ತಿಯನ್ನೂ ಮುಟ್ಟದವನು ಅಪ್ಪ. ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟ. ಸೂಜಿಯನ್ನು ಅಂಗಿಯ ಮರೆಯಲ್ಲಿ ಹಿಡಿದು, ಔಷಧವನ್ನು ಹಿತ್ತಲ ಬಚ್ಚಲಿಗೆ ಬಿಟ್ಟು ಬರುತ್ತಿದ್ದನಂತೆ.

ಕಾಲಿನ ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಕಪ್ಪಾದ ಮೇಲೆ ಅವ್ವ ನನಗೆ ಫೋನು ಮಾಡಿದಳು. ಸೊಲ್ಲಾಪುರಕ್ಕೆ ತಂದೆವು. ಬೆರಳು ತೆಗೆದರು. ನಾಲ್ಕು ದಿನ ಮೊದಲು ಬಂದಿದ್ದರೆ ಉಳಿಯುತ್ತಿತ್ತು ಅಂದರು ಡಾಕ್ಟರು. ಇನ್ಸುಲಿನ್ ಹೇಗೆ ಮಾಡುತ್ತಾರೆ ಅನ್ನುವುದನ್ನೇ ಮಗಳು ಓದಿದ್ದು, ಅಪ್ಪ ಬೆರಳು ಕಳೆದುಕೊಂಡದ್ದು ಅದು ಗೊತ್ತಿಲ್ಲದ್ದಕ್ಕೇ. ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಒಬ್ಬಳೇ ಅತ್ತೆ.

ಮರುದಿನ ಅಪ್ಪ ನರ್ಸಿನ ಕೈಯನ್ನೂ ತಳ್ಳಿದ. ನಾನು ಮಂಚದ ತುದಿಗೆ ಕೂತೆ.

"ಅಪ್ಪಾ, ಹಂದಿದು ಹಳೇ ಮಾತು. ಈಗ ಹಂಗ ಮಾಡಂಗಿಲ್ಲ. ಮನಶ್ಯಾನ ಮೈಯಾಗ ಇನ್ಸುಲಿನ್ ಮಾಡೂ ಜೀನ್ ಇರ್ತದ. ಅದನ್ನ ಒಂದ ಸಣ್ಣ ಹುಳದಾಗ, ಬ್ಯಾಕ್ಟೀರಿಯಾದಾಗ ಇಡ್ತಾರ. ಹುಳ ಅದನ್ನ ಓದಿ ಮನಶ್ಯಾನ ಇನ್ಸುಲಿನ್ನ ಮಾಡಿ ಕೊಡ್ತದ. ಅದನ್ನ ಸ್ವಚ್ಛ ಮಾಡಿ ಬಾಟ್ಲಿಗೆ ತುಂಬ್ತಾರ. ಹಂದಿ ಸಮೀಪಾನೂ ಬರಂಗಿಲ್ಲ."

ಅಪ್ಪ ಮೇಲಿನ ಛತ್ತು ನೋಡುತ್ತ ಎಲ್ಲ ಕೇಳಿದ. "ಮನಶ್ಯಾ ಅಂದ್ಯಲ್ಲ. ಯಾರ ಪೈಕಿ?" ಅಂದ.

"ಅಪ್ಪಾ, ಆ ಜೀನ್ ಎಲ್ಲಾರದೂ ಒಂದ ಇರ್ತದ. ಇಂಥಾವ್ರದು ಅಂತ ಇರಂಗಿಲ್ಲ."

"ಎಲ್ಲಾರದೂ ಒಂದ ಅಂದ್ರ ನನಗ ಬ್ಯಾಡ," ಅಂತ ಗೋಡೆಯ ಕಡೆ ಹೊರಳಿದ.

ನಿಜ ಹೇಳಿದ್ದಕ್ಕೇ ಅಪ್ಪ ಸಾಯಲು ತಯಾರಾಗಿದ್ದ. ಮುಂದಿನ ಬೆರಳು ಯಾವುದು ಅಂತ ನಾನು ಆಗಲೇ ಎಣಿಸುತ್ತಿದ್ದೆ. ಬಾಗಿಲಲ್ಲಿ ನಿಂತ ಅವ್ವ ನನ್ನ ಮುಖ ನೋಡಿದಳು. ಎಂಎಸ್ಸಿಯನ್ನು ಬದಿಗಿಟ್ಟೆ.

"ಬಾಟ್ಲಿ ಜೋಡಿ ಬಂದ ಕಾಗದ ನೋಡೀನಿ ಅಪ್ಪಾ. ನಮ್ಮ ಪೈಕಿನ."

"ನಮ್ಮ ಪೈಕಿ ಅಂದ್ರ ನಮ್ಮ ಒಳಗಿನವ್ರು?"

"ನಮ್ಮ ಒಳಗಿನವ್ರು. ಅಕ್ಕಲಕೋಟ ಕಡಿಯವ್ರ."

ಅಪ್ಪ ಈ ಕಡೆ ಹೊರಳಿ ಅಂಗಿಯ ಗುಂಡಿ ಬಿಚ್ಚಿದ. ನರ್ಸು ಸೂಜಿ ಹಿಡಿದು ಬಂದಳು. ಇನ್ನೇನು ಚುಚ್ಚಬೇಕು, ಅಪ್ಪ ಕೈ ಅಡ್ಡ ಹಿಡಿದ.

"ಮನಶ್ಯಾ ನಮ್ಮವ, ಬರೋಬರಿ ಅದ. ಆದ್ರ ಮಾಡಿ ಕೊಡೂದು ಹುಳ ಅಂದಿ. ಹುಳದ ಜಾತಿ ಯಾವುದು?"

ನರ್ಸು ನನ್ನನ್ನು ನೋಡಿದಳು. ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ.

"ಹುಳಕ್ಕ ಜಾತಿ ಇರಂಗಿಲ್ಲಪಾ."

ಅಪ್ಪ ಅದನ್ನು ಗಂಭೀರವಾಗಿ ಯೋಚನೆ ಮಾಡಿದ. ಆಮೇಲೆ ಕೈ ಸರಿಸಿ, ಹೊಟ್ಟೆ ಮುಂದೆ ಮಾಡಿದ.

"ಅದಕ್ಕ ಇನ್ನಾ ಹುಳ ಆಗೇ ಉಳದದ, ಪಾಪ. ಚುಚ್ಚವ್ವಾ."