ನಾನು ಶಿಫಾರಸು ಮಾಡಿದ ಮೂರನೆಯ ಟ್ರ್ಯಾಕು

ಕುಷ್ಟಗಿಗೆ ಜಾಝ್-ಫಂಕ್ ಸಂಗೀತ ತಂದವರು ಯಾರೆಂದು ಮುಂದೊಂದು ದಿನ ಯಾರಾದರೂ ಕೇಳಿದರೆ, ಸಂಕೋಚವಿಲ್ಲದೆ ನನ್ನ ಹೆಸರು ಹೇಳಿ! ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಗ್ರೂವ್ ಗುರು! ಹೊಸ ಕೇಳುಗರಿಗೆಂದು ಮೂರು ತಿಂಗಳು ತಪಸ್ಸು ಮಾಡಿ ಮೂರೇ ಮೂರು ಟ್ರ್ಯಾಕು ಆರಿಸಿದ್ದೆ. ಗಂಗಾವತಿಯಿಂದ ಎದೆಯೆತ್ತರದ ಸ್ಪೀಕರನ್ನೂ ತಂದಿದ್ದೆ.

ಹೆಂಡತಿ ಅಮೃತಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ರೀ, ಇದು ಹಾಡಿನ ಪೆಟ್ಟಿಗ್ಯೋ, ಕಪಾಟೋ? ನಿಮ್ಮ ಹಾಡು ಇಬ್ಬರಿಗರ ಹಿಡಿಸಿದ್ರ ಇಲ್ಲಿ ಇರ್ಲಿ. ಇಲ್ಲಂದ್ರ ಮಾಳಗಿ ಮ್ಯಾಲೆ ಒಯ್ದು ಇಡ್ರಿ."

"ಇಬ್ಬರಿಗ್ಯಾಕ? ಇಡೀ ಓಣಿ ಕುಣೀತೈತಿ ನೋಡು!"

ಭಾನುವಾರ ಬೆಳಿಗ್ಗೆ ಇಬ್ಬರನ್ನು ಹಿಡಿದು ಕೂರಿಸಿದೆ. ಯಲಬುರ್ಗಾದಿಂದ ಬಂದಿದ್ದ ಅತ್ತೆ ಕಳಕಮ್ಮ, ಪಕ್ಕದ ಮನೆಯ ಟೇಲರ್ ಮೌಲಾಹುಸೇನ. ಅಮೃತಾ ಮಾತ್ರ "ನನಗ ಕಂಬಳಿ ಒಗಿಯೋದೈತಿ" ಎಂದು ವಾಷಿಂಗ್ ಮಷೀನಿನ ಕಡೆ ಹೊರಟುಹೋದಳು.

"ಜಾಝ್ ಅಂದ್ರ ಮನಸ್ಸು ಬಂದಂಗ ಹಬ್ಬಿಸಿ ನುಡಿಸೋದು," ಎಂದು ಉಪನ್ಯಾಸ ಆರಂಭಿಸಿದೆ. "ಫಂಕ್ ಅಂದ್ರ ಕಾಲು ಸುಮ್ಮನ ಇರದಂಗ ಮಾಡೋ ತಾಳ. ಡ್ರಮ್ಮು, ಬೇಸ್ ಗಿಟಾರು ಕೂಡಿ ಸುತ್ತಿ ಸುತ್ತಿ ಬಂದ್ರ ಅದಕ್ಕ ಗ್ರೂವ್ ಅಂತಾರ್ರಿ!"

ಮೊದಲನೆಯದು ಮೆಲ್ಲಗೆ ನುಡಿಯುವ ಎಲೆಕ್ಟ್ರಿಕ್ ಪಿಯಾನೊ. ಅತ್ತೆ ಬಾಗಿಲ ಕಡೆ ತಿರುಗಿದರು. "ಅಮೃತಾ, ಯಾರು ಬಂದಾರ ನೋಡವಾ, ಬೆಲ್ ಒತ್ತಾಕತ್ತಾರ!"

ಎರಡನೆಯದು ಬೇಸ್ ಗಿಟಾರಿನದು. ಗೋಡೆಯ ಕ್ಯಾಲೆಂಡರು ನಡುಗಿತು. ಮೌಲಾಹುಸೇನ ವಿನಯದಿಂದ ಕೇಳಿದ, "ಛಲೋ ಐತ್ರಿ ಸರ್. ಆದ್ರ ಹಾಡವ್ರು ಯಾವಾಗ ಬರ್ತಾರ?"

ನಾನು ಕುಗ್ಗಲಿಲ್ಲ! "ಮೂರನೇದು ಕೇಳ್ರಿ. ಶುರುವಿಗೆ ಬರೇ ಡ್ರಮ್ಮು!" ಎಂದು ಸ್ಪೀಕರಿಗೆ ಜೋಡಿಸಿದ್ದ ಮೊಬೈಲಿನಲ್ಲಿ ಒತ್ತಿ, ಅದನ್ನು ಬೋರಲು ಹಾಕಿ, ಕಣ್ಣು ಮುಚ್ಚಿದೆ.

ಒಂದು ಗಳಿಗೆ ಮೌನ. ಆಮೇಲೆ ಬಂತು ನೋಡಿ! ಧಡ್... ಧಡ್-ಧಡಕ್... ಧಡ್... ಧಡ್-ಧಡಕ್!

"ಆಹಾ! ಎರಡನೇ ಪೆಟ್ಟು ಕೂದಲೆಳೆಯಷ್ಟು ತಡ ಬೀಳ್ತೈತಿ, ಅಲ್ಲೇ ಐತ್ರಿ ಜಾದೂ!"

ಅರೆಗಣ್ಣು ತೆರೆದರೆ, ಅತ್ತೆಯ ಕೈ ಮೊಣಕಾಲ ಮೇಲೆ ತಾಳ ಹಾಕುತ್ತಿದೆ! ಮೌಲಾಹುಸೇನನ ಪಾದ ಹೊಲಿಗೆ ಯಂತ್ರ ತುಳಿದಂತೆ ಆಡುತ್ತಿದೆ! "ವಾಹ್ವಾ!" ಎಂದೂ ಅಂದ. ನನ್ನ ಎದೆ ಉಬ್ಬಿದ ರಭಸಕ್ಕೆ ಅವನೇ ಹೊಲಿದಿದ್ದ ಅಂಗಿಯ ಗುಂಡಿ ಹಾರುವುದೊಂದು ಬಾಕಿ!

ಅಷ್ಟರಲ್ಲಿ ಅಂಗಾಲು ತಣ್ಣಗಾಯಿತು. ಇದೂ ಸಂಗೀತದ ಪರಿಣಾಮವೇ ಎಂದುಕೊಂಡೆ.

"ರೀ, ಲಗೂನ ಬರ್ರಿ!" ಹಿತ್ತಲಿಂದ ಅಮೃತಾ ಕೂಗಿದಳು.

"ತಡಿ, ಹಾಡು ಮುಗೀಲಿ!"

ಅವಳು ಸೀರೆ ಎತ್ತಿ ಹಿಡಿದು, ನೀರು ತುಳಿಯುತ್ತ ಒಳಗೆ ಬಂದಳು. ಮೊಬೈಲನ್ನು ಎತ್ತಿ ನನ್ನ ಮೂಗಿಗೆ ಹಿಡಿದಳು. ಪರದೆ ಕಪ್ಪು!

"ಯಾವ ಹಾಡು? ಚಾರ್ಜ್ ಇಲ್ಲದ ಫೋನ್ ಸತ್ತೈತಿ! ಅಲ್ಲಿ ಎರಡು ಕಂಬಳಿ ಹೊತ್ತು ಮಷೀನು ಕುಣ್ಕೋತ ಹೊರಗ ಬಂದೈತಿ. ಪೈಪ್ ಕಿತ್ತು ಹೋಗೈತಿ. ಆಗಿಂದ ಬಡ್ಕೊಳ್ಳಾಕತ್ತಿದ್ದು ಅದ!"

ಮೌಲಾಹುಸೇನನ ಪಾದ ನಿಂತಿತು. ಅತ್ತೆ ಮಾತ್ರ ಇನ್ನೂ ತಾಳ ಹಾಕುತ್ತಲೇ ಇದ್ದರು. ಅಂದು ಮಧ್ಯಾಹ್ನದವರೆಗೆ ಗ್ರೂವ್ ಗುರು ಪ್ಯಾಂಟು ಮಡಚಿಕೊಂಡು ನೀರು ಬಳಿದ.

ಮರುದಿನ ಮಷೀನ್ ರಿಪೇರಿಯ ಚಾಂದಸಾಬ ಬಂದ. ಡ್ರಮ್ಮು ತಿರುಗಿಸಿ ಕಿವಿಗೊಟ್ಟು, "ಬೇರಿಂಗ್ ಹೋಗೈತ್ರಿ. ಹೊಸಾದು ಹಾಕಿದ್ರ ಈ ಸಪ್ಪಳ ಪೂರಾ ನಿಂದರ್ತೈತಿ," ಅಂದ.

ಅತ್ತೆ ಒಳಗಿನಿಂದ ಓಡಿ ಬಂದರು. "ಬ್ಯಾಡಪ್ಪಾ, ಇರ್ಲಿ ಬಿಡು! ನಮ್ಮ ಅಳಿಯಂದ್ರ ಸಂಗೀತದಾಗ ನನಗ ತಿಳಿದದ್ದು ಅದೊಂದ!"